ಹೊಗೆಯಲ್ಲಿ ಚಿತ್ರ ಎಣಿಸುವ ರಾಜೀವಕ್ಕ

ಕಳೆದ ವರ್ಷದ ಡಿಸೆಂಬರಿನಲ್ಲಿ ಮಿಜಾರಿನ ಆಚೆಗಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಶೂಟಿಂಗ್ ಆಟದ ಅಂತಿಮ ಪಂದ್ಯ ನಡೆಯಿತು. ಹತ್ತು ಕಂಪ್ಯೂಟರುಗಳಿದ್ದವು. ಮೊದಲ ಸಾಲಿನ ಐದು ಸೆಕೆಂಡಿಗೆ ಇನ್ನೂರು ಚಿತ್ರಗಳ ವೇಗದಲ್ಲಿ ಓಡುತ್ತಿದ್ದವು. ಎರಡನೇ ಸಾಲಿನ ಐದಕ್ಕೆ ಅರವತ್ತು ದಾಟದಂತೆ ಬೀಗ ಹಾಕಲಾಗಿತ್ತು. ಮೊದಲ ಸಾಲಿನಲ್ಲಿ ಆತಿಥೇಯ ಕಾಲೇಜಿನ ತಂಡ ಕೂತಿತ್ತು, ಎರಡನೆಯದರಲ್ಲಿ ಬೆಳ್ತಂಗಡಿ ಕಡೆಯ ಒಂದು ಸರ್ಕಾರಿ ಕಾಲೇಜಿನ ತಂಡ. ಎರಡನೇ ಸಾಲು ಸೋತಿತು. ಹತ್ತೂ ಕಂಪ್ಯೂಟರು ಸಮವಾಗಿವೆ ಎಂಬ ಕಾಗದದಲ್ಲಿ ಕಂಪ್ಯೂಟರ್ ಸರಿಮಾಡುವ ರಾಜೀವಿಯವರ, ಅಂದರೆ ಎಲ್ಲರ ರಾಜೀವಕ್ಕನ, ಸಹಿ ಇತ್ತು.

ಇವತ್ತು ಈ ವರ್ಷದ ಪಂದ್ಯ. ಬೆಳಗ್ಗೆ ಐದೂ ಮುಕ್ಕಾಲು. ಲ್ಯಾಬಿನ ಬೀಗ ತೆಗೆಯುವ ಸುಧಾಕರಣ್ಣ ಬರುವ ಮೊದಲೇ ರಾಜೀವಕ್ಕ ಮೆಟ್ಟಿಲ ಮೇಲೆ ಕೂತಿದ್ದಾರೆ. ವೇಣೂರಿನಿಂದ ಸ್ಕೂಟರಿನಲ್ಲಿ ಬಂದ ಚಳಿಗೆ ತಲೆಗೆ ಸುತ್ತಿದ ಶಾಲು ಇನ್ನೂ ಬಿಚ್ಚಿಲ್ಲ. ಮಡಿಲಲ್ಲಿ ಒಂದು ಚೀಲ: ಧೂಳು ಹೊಡೆಯುವ ಬ್ರಷ್ಷು, ಬಿಸಿಯಾಗುವ ಚಿಪ್ಪಿಗೆ ಹಚ್ಚುವ ಪೇಸ್ಟು, ಅಪ್ಪನ ಕಾಲದ ಟೆಸ್ಟರು, ನೋಟ್‌ಬುಕ್ಕು.

"ನಿಮಗೆ ನಿದ್ರೆ ಬರುವುದಿಲ್ವಾ ಮಾರಾಯ್ರೆ?" ಸುಧಾಕರಣ್ಣ ಕೀಲಿಗೊಂಚಲು ಕುಣಿಸುತ್ತಾ ಬರುತ್ತಾರೆ.

"ಹೋದ ವರ್ಷ ಚೆನ್ನಾಗಿ ನಿದ್ರೆ ಮಾಡಿದ್ದೇನೆ ಸುಧಾಕರಣ್ಣ. ಅದು ಸಾಕು."

ನಲವತ್ತೇಳು ವರ್ಷದ ಈ ಹೆಂಗಸಿಗೆ ಶೂಟಿಂಗ್ ಆಟ ಆಡಲು ಬರುವುದಿಲ್ಲ. ಆಡಿದರೆ ಮೊದಲ ನಿಮಿಷದಲ್ಲೇ ಗುಂಡು ತಿಂದು ಬೀಳುತ್ತಾರೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಆ ಆಟ ಆಡುವ ಹುಡುಗ ಹುಡುಗಿಯರ ಕಂಪ್ಯೂಟರುಗಳನ್ನು ಹದಕ್ಕೆ ತರುವುದು ಇವರೇ. ಕಂಪ್ಯೂಟರು ಪರದೆಯ ಮೇಲೆ ಸೆಕೆಂಡಿಗೆ ಇಂತಿಷ್ಟು ಚಿತ್ರ (ಫ್ರೇಮ್) ಎಂದು ಬಿಡಿಸುತ್ತಾ ಹೋಗುತ್ತದೆ. ಚಿತ್ರ ಹೆಚ್ಚು ಬಂದಷ್ಟೂ ಗೋಡೆಯ ಮರೆಯಿಂದ ತಲೆ ಹಾಕಿದ ಎದುರಾಳಿ ಬೇಗ ಕಾಣುತ್ತಾನೆ. ಕಣ್ಣು ಮಿಟುಕಿಸುವುದಕ್ಕಿಂತ ಸಣ್ಣ ವ್ಯತ್ಯಾಸ ಅದು. ಆ ಆಟದಲ್ಲಿ ಸಾಯುವುದೂ ಉಳಿಯುವುದೂ ಅಷ್ಟರಲ್ಲೇ.

ರಾಜೀವಕ್ಕ ಒಂದೊಂದೇ ಕುರ್ಚಿಯಲ್ಲಿ ಕೂರುತ್ತಾರೆ. ಯಾರೂ ಇಲ್ಲದ ಅಭ್ಯಾಸದ ಮೈದಾನ ತೆರೆದು, ಕಾಲ ಬುಡದಲ್ಲೇ ಹೊಗೆಬಾಂಬು ಸಿಡಿಸಿ, ಆ ಬೂದು ಮಬ್ಬಿನೊಳಗೆ ಮೌಸನ್ನು ಗರಗರ ತಿರುಗಿಸುತ್ತಾರೆ. ಹೊಗೆ ಬಿಡಿಸುವುದೇ ಕಂಪ್ಯೂಟರಿಗೆ ಅತಿ ಕಷ್ಟ. ಪರದೆಯ ಮೂಲೆಯಲ್ಲಿ ಚಿತ್ರಗಳ ಲೆಕ್ಕ ಹೇಳುವ ಒಂದು ಪುಟ್ಟ ಸಂಖ್ಯೆ ಏರಿಳಿಯುತ್ತದೆ. ಅದು ಅತಿ ಕೆಳಕ್ಕೆ ಇಳಿದದ್ದು ಎಷ್ಟಕ್ಕೆ ಎಂದು ಮಾತ್ರ ನೋಟ್‌ಬುಕ್ಕಿಗೆ ಬರೆಯುತ್ತಾರೆ.

"ಖಾಲಿ ಮೈದಾನದಲ್ಲಿ ಇನ್ನೂರು ಬರ್ತದೆ, ಇನ್ನೂರೈವತ್ತೂ ಬರ್ತದೆ. ಅದನ್ನು ನೋಡಿ ಖುಷಿಪಡುವವರು ಪಡ್ಲಿ. ಹೊಗೆಯೊಳಗೆ ಎಷ್ಟು ಬರ್ತದೆ, ಅದೇ ಅದರ ನಿಜ," ಎನ್ನುತ್ತಾರೆ.

ಎರಡನೇ ಸಾಲಿನ ಹಳೆಯ ಯಂತ್ರಗಳ ನಿಜ ಹೀಗಿದೆ: ನೂರ ಹದಿನೆಂಟು, ನೂರ ಹದಿನೈದು, ನೂರ ಇಪ್ಪತ್ತೊಂದು, ನೂರ ಹನ್ನೆರಡು, ನೂರ ಹದಿನಾರು. ಮೊದಲ ಸಾಲಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿದ್ದಾರೆ, ಅವು ಹೊಗೆಯಲ್ಲೂ ಇನ್ನೂರು ದಾಟುತ್ತವೆ. ರಾಜೀವಕ್ಕ ಹತ್ತಕ್ಕೂ ನೂರಹತ್ತರ ಮಿತಿ ಹಾಕುತ್ತಾರೆ. ಅತಿ ಬಡವನಿಗೆ ಎಷ್ಟು ಸಿಗುತ್ತದೋ ಎಲ್ಲರಿಗೂ ಅಷ್ಟೇ. ಈ ಲೆಕ್ಕವನ್ನು ಅವರಿಗೆ ಯಾವ ಕ್ಲಾಸಿನಲ್ಲೂ ಹೇಳಿಕೊಟ್ಟಿಲ್ಲ.

ಹೇಳಿಕೊಟ್ಟದ್ದು ಒಂದು ಮಾಡು, ಮನೆಯ ಛಾವಣಿ. ಅಪ್ಪ ಸಂಕಪ್ಪ ವೇಣೂರು ಪೇಟೆಯಲ್ಲಿ ಟಿ.ವಿ., ರೇಡಿಯೊ ರಿಪೇರಿ ಮಾಡುತ್ತಿದ್ದವರು. ಊರಿಗೆ ನಾಲ್ಕೈದು ಟಿ.ವಿ. ಇದ್ದ ಕಾಲ. ಮಂಗಳೂರಿನ ಕಡೆಗೆ ಮುಖ ಮಾಡಿದ ಆಂಟೆನಾವನ್ನು ಉದ್ದನೆಯ ಕಬ್ಬಿಣದ ಪೈಪಿಗೆ ಕಟ್ಟಿ, ಸಂಕಪ್ಪ ಹಂಚಿನ ಮಾಡಿನ ಮೇಲೆ ನಿಂತು ಕೂದಲೆಳೆ ಕೂದಲೆಳೆಯಾಗಿ ತಿರುಗಿಸಬೇಕು. ಹತ್ತು ವರ್ಷದ ರಾಜೀವಿ ಒಳಗೆ ಟಿ.ವಿ.ಯ ಮುಂದೆ ನಿಂತು ಕಂಡದ್ದನ್ನು ಕೂಗಿ ಹೇಳಬೇಕು.

"ಬತ್ತ್‌ಂಡಾ?" ಮೇಲಿನಿಂದ ತುಳುವಿನಲ್ಲಿ ಅಪ್ಪನ ಕೂಗು. ಬಂತಾ?

"ಬತ್ತ್‌ಜಿ!" ಕೆಳಗಿನಿಂದ ಮಗಳದ್ದು. ಬರಲಿಲ್ಲ.

ಹಾಗೆ ಅರ್ಧ ಗಂಟೆ. ಬೀದಿಯಲ್ಲಿ ಹೋಗುವವರೂ ನಿಂತು "ಬತ್ತ್‌ಂಡಾ, ಬತ್ತ್‌ಂಡಾ" ಎಂದು ಅಪ್ಪ ಮಗಳನ್ನು ಅಣಕಿಸುತ್ತಿದ್ದರು. ಕೊನೆಗೆ ಪರದೆಯ ಮೇಲಿನ ಇರುವೆಗಳ ಸಂತೆ ಚದುರಿ ಅಲ್ಲೊಂದು ಮುಖ ಮೂಡಿದಾಗ ಇಡೀ ಮನೆ ಹೋ ಎನ್ನುತ್ತಿತ್ತು. ಆ ಹೋ ಇವತ್ತಿಗೂ ಕಿವಿಯಲ್ಲಿದೆ ಎನ್ನುತ್ತಾರೆ ರಾಜೀವಕ್ಕ. "ಈಗ ಪರದೆಯಲ್ಲಿ ಎಲ್ಲವೂ ಬರ್ತದೆ. ಬಂತು ಅಂತ ಕುಣಿಯುವವರು ಯಾರೂ ಇಲ್ಲ."

ಅದೇ ವರ್ಷದ ಒಂದು ಭಾನುವಾರ ರಾಜೀವಿ ಸುಳ್ಳು ಹೇಳಿದಳು. ಊರ ಜಮೀನ್ದಾರರ ದೊಡ್ಡ ಗುತ್ತಿನ ಮನೆ, ಹೊಸ ಟಿ.ವಿ., ಬೆಳಗ್ಗಿನ ಧಾರಾವಾಹಿಗೆ ಚಾವಡಿಯಲ್ಲಿ ಚಾಪೆ ಹಾಸಿ ನಲವತ್ತು ಜನ. ಅಡುಗೆಮನೆಯಿಂದ ನೀರುದೋಸೆಯ ಪರಿಮಳ. ಅಪ್ಪ ಇಳಿಯದೆ ಮಗಳಿಗೆ ತಿಂಡಿ ಇಲ್ಲ. ಹುಡುಗಿ "ಬತ್ತ್‌ಂಡ್" ಎಂದು ಕೂಗಿಬಿಟ್ಟಳು. ಅಪ್ಪ ತಂತಿ ಬಿಗಿದು ಇಳಿದು ಕೈಕಾಲು ತೊಳೆಯಲು ಹೋದರು. ಪರದೆಯ ತುಂಬ ಇರುವೆಗಳೇ. ಜನ ಸುಮ್ಮನೆ ನೋಡುತ್ತಾ ಕೂತರು. ಬಂತು ಎಂದ ಮೇಲೆ ಬಂದಿರಲೇಬೇಕಲ್ಲ! ಮುಂದಿನ ಚಾಪೆಯಲ್ಲಿದ್ದ ಒಬ್ಬ ಮುದುಕಿ, ಆ ಮನೆಯ ಗದ್ದೆಯಲ್ಲೇ ಸೊಂಟ ಬಗ್ಗಿಸಿ ಹಣ್ಣಾದವಳು, ಸೆರಗಿನಿಂದ ಕಣ್ಣು ಉಜ್ಜಿ ಉಜ್ಜಿ ನೋಡಿ ಪಕ್ಕದವಳಿಗೆ ಹೇಳಿದಳು: "ನನ್ನ ಕಣ್ಣು ಹೋಯಿತು ಮಗಾ."

ಹುಡುಗಿ ದೋಸೆಯ ತಟ್ಟೆ ಬದಿಗೆ ಸರಿಸಿದಳು. ಅಜ್ಜಿಯ ಮಾತು ಕೇಳುತ್ತಲೇ ಒಳಗೆ ಬಂದ ಅಪ್ಪ ಪರದೆ ನೋಡಿದರು, ಮಗಳನ್ನು ನೋಡಿದರು, ಬೈಯದೆ ಮತ್ತೆ ಮಾಡು ಹತ್ತಿದರು. ಸಂಜೆ ದಾರಿಯಲ್ಲಿ ಒಂದೇ ಮಾತು: "ನೀನು ಬಂತು ಅಂದದ್ದಕ್ಕೆ ಆ ಅಜ್ಜಿ ತಮ್ಮ ಕಣ್ಣಿಗೆ ಬೈದುಕೊಂಡರು."

ಮನೆ ಮನೆಯ ಮಾಡಿನ ಮೇಲೆ ಡಿಶ್ಶು ಕೂತ ಮೇಲೆ ಅಪ್ಪನ ಅಂಗಡಿ ಮುಚ್ಚಿತು. ರಾಜೀವಿ ಮೂಡುಬಿದಿರೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಹನೀಫಾ ಅವರು ಆಗಷ್ಟೇ ತೆರೆದಿದ್ದ ಬ್ರೌಸಿಂಗ್ ಸೆಂಟರಿನ ಮೇಜಿಗೆ ಸೇರಿದರು. ಎಂಟು ಕಂಪ್ಯೂಟರು, ಎತ್ತಲು ಇಬ್ಬರು ಬೇಕಾಗುವ ದಪ್ಪ ಪರದೆಗಳು, ನೆಲದಲ್ಲೆಲ್ಲ ಹಾವಿನಂತೆ ನೀಲಿ ವಯರು. ಕಾಲೇಜು ಬಿಟ್ಟ ಹುಡುಗರು ಬ್ಯಾಗೆಸೆದು ಕೂತರೆ ಗುಂಡಿನ ಸದ್ದಿಗೆ ಕೆಳಗಿನ ಬಟ್ಟೆ ಅಂಗಡಿಯವರು ಕೋಲಿನಿಂದ ಮಾಳಿಗೆ ಕುಟ್ಟುತ್ತಿದ್ದರು. ಸತ್ತವನು ಸುಮ್ಮನೆ ಸಾಯುತ್ತಿರಲಿಲ್ಲ, ಅಡ್ಡಹಲಗೆಯ ಆಚೆಯ ಗೆಳೆಯನ ಅಪ್ಪ ಅಜ್ಜರನ್ನೆಲ್ಲ ಎಬ್ಬಿಸಿ ಸಾಯುತ್ತಿದ್ದ. ಎದುರಾಳಿ ಅಂದರೆ ಎದುರು ಕುರ್ಚಿಯಲ್ಲಿರುವವನು. ಆಟ ಮುಗಿದ ಮೇಲೆ ಗೋಳಿಬಜೆ ತಿನ್ನುವುದು ಅವನ ಜೊತೆಗೇ.

"ಮೂರನೇ ನಂಬರಿನ ಕಂಪ್ಯೂಟರಿಗೆ ಯಾರೂ ಕೂರ್ತಿರ್ಲಿಲ್ಲ, ಪಿಕ್ಚರ್ ಎಳೀತದೆ, ತಡೆದು ತಡೆದು ಓಡ್ತದೆ ಅಂತ," ನೆನಪಿಸಿಕೊಳ್ಳುತ್ತಾರೆ ರಾಜೀವಕ್ಕ. "ತಡವಾಗಿ ಬಂದವನಿಗೆ, ಪಾಪದವನಿಗೆ ಯಾವಾಗಲೂ ಮೂರು. ನಾನು ಒಂದು ದಿನ ಅದರಲ್ಲಿ ಆಟದೊಳಗಿನ ನೆರಳು, ಹುಲ್ಲು, ನೀರಿನ ಹೊಳಪು ಎಲ್ಲ ತೆಗೆದು ನೋಡಿದೆ. ಓಡಿತು ಮಾರಾಯ್ರೆ!"

ಹನೀಫಾ ಈಗ ಅದೇ ಮಾಳಿಗೆಯಲ್ಲಿ ಗೇಮಿಂಗ್ ಕೆಫೆ ನಡೆಸುತ್ತಾರೆ. "ರಾಜೀವಕ್ಕ ಕೈ ಹಾಕಿ ಹೋದ ಮೇಲೆ ಸೋತವರು ನನ್ನ ಕುತ್ತಿಗೆ ಹಿಡಿಯುವುದಿಲ್ಲ. ತಮ್ಮ ತಮ್ಮದೇ ಹಿಡ್ಕೊಳ್ತಾರೆ," ಎಂದು ನಗುತ್ತಾರೆ.

ದಿನಕ್ಕೆ ಮೂರು ಮನೆ, ಎರಡು ಅಂಗಡಿ, ಸ್ಕೂಟರಿನಲ್ಲಿ ಎಪ್ಪತ್ತು ಕಿಲೋಮೀಟರು. ಒಂದು ಯಂತ್ರಕ್ಕೆ ಎರಡು ಗಂಟೆ. ಅರ್ಧ ಕೆಲಸ ಧೂಳು ತೆಗೆಯುವುದು, ಬೇಡದ ಪ್ರೋಗ್ರಾಮು ಮುಚ್ಚುವುದು. ಉಳಿದರ್ಧ ಆಟದೊಳಗಿನ ಚೆಂದವನ್ನು ಕಳಚುವುದು. ಕನ್ಯಾನದ ಒಂದು ಮನೆಯಲ್ಲಿ ಗಲ್ಫಿನಿಂದ ಅಪ್ಪ ಕಳಿಸಿದ ದುಬಾರಿ ಕಾರ್ಡು ಆರು ತಿಂಗಳು ಸುಮ್ಮನೆ ಕೂತಿತ್ತು. ಪರದೆಯ ಕೇಬಲ್ಲನ್ನು ಆ ಕಾರ್ಡಿಗೆ ಚುಚ್ಚುವ ಬದಲು ಮೇಲಿನ ತೂತಿಗೆ ಚುಚ್ಚಿದ್ದರು. "ಕೇಬಲ್ ತೆಗೆದು ನಾಲ್ಕು ಬೆರಳು ಕೆಳಗೆ ಹಾಕಿದೆ. ಆ ಹುಡುಗ ನನ್ನ ಕಾಲು ಹಿಡಿಯಲಿಕ್ಕೆ ಬಂದ!"

ಬಂಟ್ವಾಳದ ಐಸಮ್ಮನ ಮನೆಯಲ್ಲಿ ಬೇರೆಯೇ ತಕರಾರು. ಮೊಮ್ಮಗನ ಆಟದಲ್ಲಿ ನೆರಳು, ಗಿಡಮರ ಎಲ್ಲ ಇಳಿಸಿದ್ದನ್ನು ಕಂಡ ಅಜ್ಜಿ ಕನ್ನಡಕ ಏರಿಸಿ ಗದರಿದರು: "ಏನು ಮಗಳೇ ಇದು? ಬಿಸಿಲು ಉಂಟು, ಮನುಷ್ಯ ಉಂಟು, ನೆರಳು ಇಲ್ಲ! ನೆರಳಿಲ್ಲದ್ದು ಮನುಷ್ಯ ಅಲ್ಲ, ಜಿನ್ನ್. ಮೊದಲಿನ ಹಾಗೆ ಮಾಡು." ಅಜ್ಜಿ ಬಾಗಿಲು ದಾಟುವವರೆಗೆ ನೆರಳು ಹಾಕಿ, ಆಮೇಲೆ ತೆಗೆದು ಬಂದರಂತೆ.

ಎಲ್ಲ ಮನೆಯಲ್ಲೂ ನಗು ಸಿಗುವುದಿಲ್ಲ. ಮಕ್ಕಳ ತಲೆ ಹಾಳು ಮಾಡುವವಳು ಎಂದು ಚಹಾ ಕೊಡದ ತಾಯಂದಿರಿದ್ದಾರೆ. ಬಾಗಿಲು ತೆರೆದು "ಗಂಡಸರು ಯಾರೂ ಬರ್ಲಿಲ್ವಾ?" ಎಂದು ಇವರ ಬೆನ್ನ ಹಿಂದೆ ಇಣುಕುವ ತಂದೆಯರಿದ್ದಾರೆ. "ಬರ್ತಾರೆ, ನೀವು ಅಷ್ಟರವರೆಗೆ ಕೂತಿರಿ ಅಂತ ಹೇಳಿ ಕೆಲಸ ಮುಗಿಸಿ ಬರ್ತೇನೆ."

ಕಳೆದ ವರ್ಷ ಪಂದ್ಯಕ್ಕೆ ಎರಡು ದಿನ ಮೊದಲೇ ಅವರು ಹತ್ತೂ ಯಂತ್ರವನ್ನು ಸಮ ಮಾಡಿ, ಸಹಿ ಹಾಕಿ ಹೋಗಿದ್ದರು. ಜನವರಿಯಲ್ಲಿ ಧೂಳು ತೆಗೆಯಲು ಬಂದಾಗ ಎರಡನೇ ಸಾಲಿನ ಅರವತ್ತರ ಬೀಗ ಕಣ್ಣಿಗೆ ಬಿತ್ತು. ಐದಕ್ಕೆ ಐದೂ ಒಂದೇ ಸಂಖ್ಯೆ ಗಾಳಿಗೆ ಬೀಳುವುದಿಲ್ಲ. ಲ್ಯಾಬಿನ ಉಸ್ತುವಾರಿಯೂ ಪಂದ್ಯದ ಸಂಘಟಕರೂ ಆದ ಚಿದಾನಂದ ಅವರಲ್ಲಿ ಕೇಳಿದರು. ಸಿಕ್ಕ ಉತ್ತರ: "ಕುಣಿಯಲಾರದವರಿಗೆ ನೆಲ ಡೊಂಕು, ರಾಜೀವಕ್ಕ."

ಅವತ್ತೇ ಅವರು ಸ್ಕೂಟರು ತಿರುಗಿಸಿದ್ದು ಬೆಳ್ತಂಗಡಿಯ ಆಚೆಯ ಗುಡ್ಡಕ್ಕೆ, ಸೋತ ತಂಡದ ನಾಯಕಿ ಮೋಕ್ಷಿತಾಳ ಮನೆಗೆ. ಅಪ್ಪ ಅಮ್ಮ ಇಬ್ಬರೂ ಬೇರೆಯವರ ತೋಟದಲ್ಲಿ ರಬ್ಬರ್ ಮರ ಕೆತ್ತುವವರು. ಹುಡುಗಿ ಜಗಲಿಯಲ್ಲಿ ಕೂತು ಒಣಗಿದ ರಬ್ಬರ್ ಹಾಲಿನ ಚೂರುಗಳನ್ನು ಉಂಡೆ ಕಟ್ಟಿ ಬಲಗೈಯಲ್ಲಿ ಹಿಸುಕುತ್ತಿದ್ದಳು.

"ಎಂತಕ್ಕೆ ಇದು?"

"ನನ್ನ ಕೈ ನಿಧಾನ, ಅಕ್ಕ. ಪಿಕ್ಚರ್ ಎಳೆದ ಹಾಗೆ ಕಂಡಿತು, ಆದರೆ ಎಲ್ಲ ಸರಿ ಉಂಟು ಅಂತ ಕಾಗದ ಇತ್ತಲ್ಲ. ಹಾಗಾಗಿ ನನ್ನದೇ ತಪ್ಪು. ದಿನಾ ಇನ್ನೂರು ಸಲ ಹಿಸುಕ್ತೇನೆ."

ರಾಜೀವಕ್ಕನಿಗೆ ಸೆರಗಿನಿಂದ ಕಣ್ಣುಜ್ಜುವ ಮುದುಕಿ ಕಂಡಳು. ನಡುವೆ ಮೂವತ್ತೇಳು ವರ್ಷ. ಕೂತವರು ಅದೇ ಜನ, ಬೈದುಕೊಂಡದ್ದು ಅದೇ ತಮ್ಮ ಮೈಯನ್ನು. ಕೂಲಿಯವರ ಮಕ್ಕಳು ಸೋತಾಗ ಪ್ರತಿಭೆ ಸಾಲದು ಎನ್ನುವ ಈ ಲೋಕ, ಅವರನ್ನು ಯಾವ ಕುರ್ಚಿಯಲ್ಲಿ ಕೂರಿಸಿದ್ದೆವು ಎಂದು ಒಮ್ಮೆಯೂ ಕೇಳಿಕೊಂಡದ್ದಿಲ್ಲ.

ಮೋಕ್ಷಿತಾಳ ತಂಡ ಈ ವರ್ಷವೂ ಅಂತಿಮ ಪಂದ್ಯಕ್ಕೆ ಬಂದಿದೆ. ಅವಳಿಗಿದು ಕಾಲೇಜಿನ ಕೊನೆಯ ವರ್ಷ. "ಅವಳು ಗೆಲ್ಲಬೇಕು ಅಂತ ನನಗೆ ಇಲ್ಲ," ಎನ್ನುತ್ತಾರೆ ರಾಜೀವಕ್ಕ, ಹತ್ತನೇ ಪರದೆ ಒರೆಸುತ್ತಾ. "ಸೋತರೆ ತಾನೇ ಸೋತದ್ದು ಅಂತ ಅವಳಿಗೆ ಗೊತ್ತಾಗ್ಬೇಕು. ಅಷ್ಟು ಸಾಕು."

ಎಂಟು ಗಂಟೆಗೆ ಇಸ್ತ್ರಿ ಮಡಿಕೆ ಮುರಿಯದ ಅಂಗಿಯಲ್ಲಿ ಚಿದಾನಂದ ಬರುತ್ತಾರೆ. ಮೊದಲ ಸಾಲಿನ ಮೂಲೆಯ ಸಂಖ್ಯೆ ನೋಡಿ ಹುಬ್ಬು ಗಂಟಿಕ್ಕುತ್ತಾರೆ.

"ಎಂತ ರಾಜೀವಕ್ಕ, ಹೊಸ ಕಾರ್ಡ್ ತಂದದ್ದು ನೂರಹತ್ತು ನೋಡ್ಲಿಕ್ಕಾ?"

"ಎರಡನೇ ಸಾಲಿಗೆ ಹೊಗೆಯಲ್ಲಿ ಅಷ್ಟೇ ಬರುವುದು ಸರ್."

"ಅವರಿಗೆ ಬಾರದಿದ್ದರೆ ನಮ್ಮ ಮಕ್ಕಳ ಕಾಲಿಗೆ ಯಾಕೆ ಹಗ್ಗ?"

"ಹಾಗಾದರೆ ಅರ್ಧ ಆಟದಲ್ಲಿ ಸಾಲು ಬದಲಿಸುವ. ವಾಲಿಬಾಲಿನಲ್ಲಿ ಒಂದೇ ತಂಡವನ್ನು ಕೊನೆಯವರೆಗೆ ಬಿಸಿಲಿಗೆ ಮುಖ ಮಾಡಿ ನಿಲ್ಲಿಸ್ತಾರಾ?"

"ಇದು ವಾಲಿಬಾಲ್ ಅಲ್ಲ." ಚಿದಾನಂದ ತಾವೇ ಕೂತು, ಪಾಸ್‌ವರ್ಡ್ ಒತ್ತಿ, ಮೊದಲ ಸಾಲಿನ ಮಿತಿಯನ್ನು ಒಂದೊಂದಾಗಿ ತೆಗೆಯುತ್ತಾರೆ. ಮೂಲೆಯ ಸಂಖ್ಯೆಗಳು ಇನ್ನೂರಕ್ಕೆ ಹಾರುತ್ತವೆ. ಆಮೇಲೆ ಕಾಗದವೊಂದನ್ನು ಮೇಜಿಗೆ ಜಾರಿಸುತ್ತಾರೆ. ಹತ್ತೂ ಕಂಪ್ಯೂಟರುಗಳಲ್ಲಿ ಸಮಾನ ಫ್ರೇಮ್ ಬಂದಿದೆ ಎಂದು ಅಚ್ಚಾಗಿದೆ. "ಒಂದು ಸಹಿ ಹಾಕಿ. ಸುಮ್ಮನೆ ಶಾಸ್ತ್ರಕ್ಕೆ. ಲ್ಯಾಬಿನ ನಿಮ್ಮ ವರ್ಷದ ಕೆಲಸದ ಕರಾರೂ ಈ ತಿಂಗಳೇ ಹೊಸದಾಗಿ ಬರೆಯಲಿಕ್ಕೆ ಉಂಟಲ್ಲ, ನೆನಪುಂಟಲ್ಲ?"

ನೆನಪುಂಟು. ರಾಜೀವಕ್ಕನ ಅರ್ಧ ವರ್ಷದ ಅನ್ನ ಈ ಲ್ಯಾಬಿನದ್ದು. ಪೆನ್ನು ಕೈಯಲ್ಲಿದೆ.

ಚಿದಾನಂದ ಹೋಗಿ ಬಾಗಿಲು ತೆರೆಯುತ್ತಾರೆ. ಹೊರಗೆ ಕೀಬೋರ್ಡು ಕಂಕುಳಲ್ಲಿಟ್ಟುಕೊಂಡು ಎರಡೂ ತಂಡ ನಿಂತಿವೆ. ಬಲತುದಿಯಲ್ಲಿ ಮೋಕ್ಷಿತಾ, ಮುಷ್ಟಿಯೊಳಗೆ ಅದೇ ರಬ್ಬರ್ ಉಂಡೆ. ಎಲ್ಲರಿಗೂ ಕೇಳಲಿ ಎಂದು ಚಿದಾನಂದ ಅಲ್ಲಿಂದಲೇ ನಗುತ್ತಾ ತುಳುವಿನಲ್ಲಿ ಕೂಗುತ್ತಾರೆ:

"ರಾಜೀವಕ್ಕ, ಪೂರಾ ಸಮ ಬತ್ತ್‌ಂಡಾ?"

ರಾಜೀವಕ್ಕ ಪೆನ್ನಿಗೆ ಮುಚ್ಚಳ ಹಾಕಿ, ಸಹಿಯಿಲ್ಲದ ಕಾಗದದ ಮೇಲೆ ಇಡುತ್ತಾರೆ. ಎದ್ದು ನಿಂತು, ಮಾಡಿನ ಮೇಲಿರುವವರಿಗೂ ಕೇಳಿಸುವ ಹಾಗೆ ಹೇಳುತ್ತಾರೆ:

"ಬತ್ತ್‌ಜಿ!"