ಕಣಗಿಲೆ ಬೇಲಿಯ ಹಸಿರು ಪತಂಗ

ನಸುಕಿನಲ್ಲಿ ಹೂವು ಬಿಡಿಸುತ್ತಿದ್ದ ರುದ್ರವ್ವನ ಕೈ ತಡೆದು ನಿಂತಿತು. ಕಣಗಿಲೆ ಟೊಂಗೆಗೆ ಬೆರಳುದ್ದದ ಹಸಿರು ಹುಳ ಅಂಟಿಕೊಂಡಿತ್ತು. ತಲೆಯ ಹಿಂದೆ ಕಣ್ಣಿನಂಥ ಎರಡು ನೀಲಿ ಮಚ್ಚೆ. ಆ ಟೊಂಗೆಯನ್ನು ಹಾಗೇ ಬಿಟ್ಟು ಪಕ್ಕದ್ದಕ್ಕೆ ಕೈ ಹಾಕಿದಳು.

ಸಾರವಾಡದ ಮನೆಯ ಹಿತ್ತಲಿನ ಬೇಲಿಯಲ್ಲಿ ಬಿಡಿಸಿದ ಹೂವನ್ನು ಅವಳು ವಿಜಯಪುರದ ಗಾಂಧಿ ಚೌಕದಲ್ಲಿ ಮಾರುತ್ತಾಳೆ. ಹಾವು ಸೇರೀತೆಂದು ಬೇಲಿಯ ಬುಡದ ಒಣ ಎಲೆಯನ್ನೆಲ್ಲ ಆಗಾಗ ಗುಡಿಸಿ ಸುಡುವುದು ಮೊದಲಿನಿಂದಲೂ ರೂಢಿ.

ಮೊನ್ನೆ ಬಸ್ಸಿನಲ್ಲಿ, ಕಾಲೇಜಿಗೆ ಹೊರಟಿದ್ದ ಪಕ್ಕದ ಮನೆಯ ಇರ್ಫಾನಾ ಮೊಬೈಲಿನಲ್ಲಿ ಒಂದು ಪತಂಗ ತೋರಿಸಿದ್ದಳು. ಪಾಚಿ ಹಸಿರು, ನಡುವೆ ತೆಳು ಗುಲಾಬಿ. ರುದ್ರವ್ವ ಗುರುತು ಹಿಡಿದಳು. ಬಬಲೇಶ್ವರದ ತವರಿನಲ್ಲಿ, ಮದುವೆಗೆ ಮುಂಚೆ, ಒಂದು ಸಂಜೆ ಅದು ಗೋಡೆಗೆ ಕೂತಿತ್ತು. ಓಡಿಸಹೋದವಳನ್ನು ಅವ್ವ ತಡೆದಿದ್ದಳು; ಇಬ್ಬರೂ ಅಡಿಗೆ ಮರೆತು ನೋಡುತ್ತ ನಿಂತಿದ್ದರು. ಅವ್ವ ಈಗಿಲ್ಲ. ಆ ಗೋಡೆಯೂ ರಸ್ತೆ ಅಗಲ ಮಾಡುವಾಗ ಹೋಯಿತು. ಆ ಪತಂಗ ಮತ್ತೆ ಕಣ್ಣಿಗೆ ಬಿದ್ದಿರಲಿಲ್ಲ.

"ಆಫ್ರಿಕಾದಾಗೂ ಅದಾವ ಕಾಕೂ, ಯುರೋಪಿನ ತನಕಾ ಹಾರ್ತಾವ," ಎಂದಳು ಇರ್ಫಾನಾ.

"ಅಷ್ಟ ದೂರ ಹಾರಾವು ಸಾರವಾಡಕ ಯಾಕ ಬರವಲ್ವು?"

"ಬರ್ತಾವ. ನಿಮ್ಮ ಬೇಲ್ಯಾಗಿನ ಹಸರ ಹುಳಾನ ಇದರ ಮರಿ. ಬಲತ ಮ್ಯಾಲ ಕಂದು ಬಣ್ಣಾಗಿ ಕೆಳಗಿಳದು ಒಣಾ ಎಲ್ಯಾಗ ಕೋಶ ಕಟ್ಟತದ. ನೀವು ಎಲಿ ಸುಡಾಕತ್ತೀರಿ."



ಅಂದಿನಿಂದ ರುದ್ರವ್ವ ಬೇಲಿಗೆ ಪೊರಕೆ ಮುಟ್ಟಿಸಲಿಲ್ಲ. ಗಂಡ ಸಿದ್ದರಾಮ ನಕ್ಕ: "ನಾಳೆ ಹಾವು ಬಂದ್ರ ಅದಕ್ಕೂ ಹಾಲು ಕಾಸಿ ಇಡು ಬೇ!"

ಟೊಂಗೆಯ ಹುಳ ಕಂದಾಗಿ ಕೆಳಗಿಳಿಯಿತು. ಎಲೆ ಸರಿಸಿದರೆ ಕಂದು ಕೋಶ, ಮುಟ್ಟಿದರೆ ಮಿಸುಕುತ್ತಿತ್ತು. ದಿನಾ ಒಮ್ಮೆ ನೋಡಿ, ಮತ್ತೆ ಎಲೆ ಹೊದಿಸುತ್ತಿದ್ದಳು.

ಒಂದು ಭಾನುವಾರ ಸಂತೆಗೆಂದು ಬಬಲೇಶ್ವರಕ್ಕೆ ಹೋಗಿ ಸಂಜೆ ಕತ್ತಲಾದ ಮೇಲೆ ಮರಳಿದಳು. ಕೋಶ ಒಡೆದು ಖಾಲಿಯಾಗಿತ್ತು.

"ಮುಂಜಾನಿಂದ ಹಿತ್ತಲ ಗ್ವಾಡಿಗೆ ಕುಂತಿತ್ತು," ಎಂದ ಸಿದ್ದರಾಮ. ದನಿಯಲ್ಲಿ ತಮಾಷೆ ಇರಲಿಲ್ಲ. "ನೀ ಬರೂತನಾ ಇರ್ತದಂತ ಕೋಳಿ ಹತ್ರ ಬರದಂಗ ಕಾಯ್ಕೋತ ಕುಂತಿದ್ನಿ. ಹೊತ್ತು ಮುಳುಗಿದ ಕೂಡ್ಲೆ ಹಾರಿತು."

"ಹೆಂಗಿತ್ತು?"

ಅವನು ಬಹಳ ಹೊತ್ತು ಯೋಚಿಸಿದ. "ಹಸರ ಇತ್ತು."

ಆಕೆ ಬರಿಗೋಡೆ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಮರುದಿನ ಸೋಮವಾರ, ಶಿವನ ಪೂಜೆಗೆಂದು ಕಣಗಿಲೆಗೆ ಗಿರಾಕಿ ಹೆಚ್ಚು. ರುದ್ರವ್ವ ಮೊದಲ ಬಸ್ಸಿಗೇ ವಿಜಯಪುರಕ್ಕೆ ಹೋದಳು.