ತೊಳೆದ ಕಾಲಿಗೇ ನೀರು

ಯಾರು ಸ್ವರ್ಗಕ್ಕೆ, ಯಾರು ನರಕಕ್ಕೆ ಅನ್ನುವ ತೀರ್ಪಿಗೆ ಕಡೇ ದಿನದವರೆಗೂ ಕಾಯುವ ತಾಳ್ಮೆ ನಮ್ಮಪ್ಪನಿಗೆ ಇರಲಿಲ್ಲ. ಹೂಗ್ಯಂ ಪಕ್ಕದ ನಮ್ಮೂರಿನ ಸಣ್ಣ ಚರ್ಚಿಗೆ ಅಪ್ಪ ಉಪದೇಶಿ. ಫಾದರ್ ಭಾನುವಾರ ಬೈಕಿನಲ್ಲಿ ಬಂದು ಪೂಜೆ ಮುಗಿಸಿ ಹೋಗುತ್ತಿದ್ದರು. ಉಳಿದ ಆರು ದಿನ ದೇವರ ಕೆಲಸವನ್ನೆಲ್ಲ ಅಪ್ಪನೇ ನೋಡಿಕೊಳ್ಳುತ್ತಿದ್ದ. ಪಕ್ಕದವನ ಜೋಳಕ್ಕೆ ಆನೆ ನುಗ್ಗಿದರೆ, "ಪೂಜೆ ತಪ್ಪಿಸ್ದ ನೋಡು, ಅದ್ಕೇ ಶಿಕ್ಷೆ" ಅನ್ನುತ್ತಿದ್ದ. ಅದೇ ಆನೆ ನಮ್ಮ ಜೋಳಕ್ಕೆ ಬಂದರೆ, "ದೇವ್ರು ನನ್ನ ಪರೀಕ್ಷೆ ಮಾಡ್ತಾವ್ನೆ." ದೇವರ ಕೃಪೆ ಪುಕ್ಕಟೆ ಎಂದೂ ಬೋಧಿಸುತ್ತಿದ್ದ. ಯಾರಿಗೆ ಪುಕ್ಕಟೆ ಅನ್ನುವ ಪಟ್ಟಿ ಮಾತ್ರ ಅವನ ಜೇಬಿನಲ್ಲಿರುತ್ತಿತ್ತು.

ನಿಜವಾದ ಪಟ್ಟಿ ಹೊರಬರುತ್ತಿದ್ದದ್ದು ಪವಿತ್ರ ಗುರುವಾರಕ್ಕೆ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಅವತ್ತು ಫಾದರ್ ಹನ್ನೆರಡು ಜನರ ಕಾಲು ತೊಳೆದು ಮುತ್ತಿಡುತ್ತಾರೆ. ಆ ಹನ್ನೆರಡನ್ನು ಆರಿಸುವವನು ಅಪ್ಪ. ಮೊದಲ ಹೆಸರು ಅವನದೇ. ಆರಿಸಿಕೊಂಡವರೆಲ್ಲ ಕಾಲನ್ನು ಮನೆಯಲ್ಲೇ ತೊಳೆದುಕೊಂಡು ಬರಬೇಕು. "ಗಲೀಜು ಕಾಲ ಫಾದರ್ ಕೈಗೆ ಕೊಟ್ಟಾರಾ?" ಎಂದು ಗದರುತ್ತಿದ್ದ. ಹಾಗಾಗಿ ಬೆಳಿಗ್ಗೆಯಿಂದಲೇ ಹನ್ನೆರಡು ಮನೆಯ ಬಚ್ಚಲುಗಳಲ್ಲಿ ಹೆಂಗಸರು ಗಂಡಸರ ಕಾಲು ಉಜ್ಜುತ್ತಿದ್ದರು. ನಮ್ಮವ್ವ ಮೊಣಕಾಲೂರಿ ಕೂತು ಅಪ್ಪನ ಹಿಮ್ಮಡಿಗೆ ಬಿಸಿನೀರು ಹುಯ್ದು, ಕಲ್ಲಿನಿಂದ ತಿಕ್ಕಿ, ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಸಂಜೆ ಚರ್ಚಿನಲ್ಲಿ ಆ ಮಿರಿಮಿರಿ ಮಿಂಚುವ ಕಾಲಿಗೆ ಫಾದರ್ ನಾಲ್ಕು ಹನಿ ಚಿಮುಕಿಸಿದರೆ, ಅವರ ವಿನಯ ಕಂಡು ಊರೆಲ್ಲ ಕಣ್ಣೊರೆಸಿಕೊಳ್ಳುತ್ತಿತ್ತು. ಅವ್ವನ ವಿನಯಕ್ಕೆ ಬಚ್ಚಲ ಕಲ್ಲೊಂದೇ ಸಾಕ್ಷಿ.

ಆ ವರ್ಷ ಹೊಸ ಫಾದರ್ ಬಂದಿದ್ದರು. ಹಿಂದಿನ ಭಾನುವಾರದ ಪೂಜೆಯಲ್ಲಿ, ಹೆಂಗಸರೂ ಕಾಲು ತೊಳೆಸಿಕೊಳ್ಳಬಹುದು, ಮೇಲಿನಿಂದ ಅಪ್ಪಣೆಯಾಗಿ ವರ್ಷಗಳೇ ಆದವು ಎಂದರು. ಮನೆಗೆ ಬರುವಾಗ ದಾರಿಯಲ್ಲಿ ಅವ್ವ ಮೆಲ್ಲಗೆ ಬಾಯಿಬಿಟ್ಟಳು.

"ನನ್ನೂ ಬರ್ಕಳಿ. ಸಾಯೋದ್ರೊಳಗೆ ಒಂದ್ಸಲ ಅಲ್ಲಿ ಕುಂತ್ಕಬೇಕು ಅಂತ ಆಸೆ."

"ನಿನ್ ಕಾಲ ನೋಡ್ಕಂಡಿದ್ದೀಯಾ? ಮೊದ್ಲು ವಿಧೇಯತೆ ಕಲ್ತ್ಕೊ!"

ವಿಧೇಯತೆ ಅಪ್ಪನಿಗೆ ಬಲು ಪ್ರೀತಿಯ ಪದ. ಬೇರೆಯವರಿಗೆ ಹಂಚುವುದಕ್ಕೆ ಇಟ್ಟುಕೊಂಡಿದ್ದ, ತಾನು ಒಂದು ಚೂರೂ ಮುಟ್ಟುತ್ತಿರಲಿಲ್ಲ. ಮೇಲಿನವರ ಅಪ್ಪಣೆಯನ್ನು ಮಡಚಿ ಜೇಬಿಗಿಟ್ಟುಕೊಂಡವನೇ ಫಾದರ್‌ಗೆ ಫೋನ್ ಮಾಡಿ, "ನಮ್ಮೂರ್ ಹೆಂಗಸ್ರು ನಾಚ್ಕತಾರೆ ಫಾದರ್, ಒಬ್ರೂ ಒಪ್ಲಿಲ್ಲ" ಅಂದುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಅವ್ವ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಗುರುವಾರ ಬೆಳಿಗ್ಗೆ ಎಂದಿನಂತೆ ಅವನ ಕಾಲು ತಿಕ್ಕಿದಳು.

ಸಂಜೆ ಹನ್ನೊಂದು ಕುರ್ಚಿ ತುಂಬಿದವು. ಹನ್ನೆರಡನೆಯವನು ಹನೂರಿನಿಂದ ಬರಬೇಕಿತ್ತು. ರಸ್ತೆ ಮಧ್ಯೆ ಆನೆ ನಿಂತಿದೆ, ಬಸ್ಸು ಕದಲುತ್ತಿಲ್ಲ ಎಂದು ಫೋನ್ ಮಾಡಿದ. ಅಪ್ಪ ಬೆವರುತ್ತ ಗಂಡಸರ ಸಾಲಿಗೆ ಓಡಿದ. ಅವರೋ ಒಬ್ಬೊಬ್ಬರೇ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡರು.

"ಅಯ್ಯೋ, ನನ್ ಕಾಲ್ ತೊಳ್ದಿಲ್ಲ ಕಣ್ರಿ!"

"ಒಲದಿಂದ ನೆಟ್ಗೆ ಬಂದಿವ್ನಿ ಸಾ, ಮಣ್ಣಾಗದೆ."

ಕಾಲು ಕೊಳೆಯಾಗಿದೆ ಎಂದು ತೊಳೆಸಿಕೊಳ್ಳಲು ಒಪ್ಪದ ಊರು ಲೋಕದಲ್ಲಿ ನಮ್ಮದೊಂದೇ ಇರಬೇಕು. ನಾನು ಬೋಗುಣಿ ಹಿಡಿದು ಫಾದರ್ ಪಕ್ಕದಲ್ಲಿ ನಿಂತಿದ್ದೆ. ನಗು ತಡೆಯಲು ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಅವ್ವ ಎದ್ದಳು. ನೇರವಾಗಿ ಬಂದು ಖಾಲಿ ಕುರ್ಚಿಯಲ್ಲಿ ಕೂತಳು. ನನ್ನ ನಗು ನಿಂತುಹೋಯಿತು.

"ಏಯ್, ಎದ್ದೇಳು!" ಅಪ್ಪ ಹಲ್ಲು ಕಡಿದ.

"ಫಾದರ್ ಏಳು ಅಂದ್ರೆ ಏಳ್ತೀನಿ. ವಿಧೇಯತೆ ಕಲ್ತ್ಕೊ ಅಂದೋರು ನೀವೇ ಅಲ್ವಾ?"

ಫಾದರ್ ಅವ್ವನನ್ನು ನೋಡಿದರು, ಆಮೇಲೆ ಅಪ್ಪನನ್ನು. "ಒಬ್ಬರೂ ಒಪ್ಪಲಿಲ್ಲ ಅಂದ್ರಲ್ಲ, ಉಪದೇಶಿಗಳೇ?" ಎಂದಷ್ಟೇ ಕೇಳಿದರು. ಅಪ್ಪ ತನ್ನ ಕುರ್ಚಿಗೆ ಹೋಗಿ ಕೂತ.

ಹನ್ನೊಂದು ಜೋಡಿ ಕಾಲು ಎರಡು ನಿಮಿಷದಲ್ಲಿ ಮುಗಿದವು. ಅವ್ವನ ಸರದಿ ಬಂತು. ಹಿಮ್ಮಡಿಯ ಬಿರುಕುಗಳಲ್ಲಿ ಕೊಟ್ಟಿಗೆಯ ಸಗಣಿ ಒಣಗಿ ಕೂತಿತ್ತು. ನಾಲ್ಕು ಹನಿಗೆ ಅದು ಜಪ್ಪಯ್ಯ ಅನ್ನಲಿಲ್ಲ. ಫಾದರ್ ನಿಲುವಂಗಿಯ ತೋಳು ಮಡಚಿ, ಹೆಬ್ಬೆರಳಿನಿಂದ ಬಿರುಕು ಬಿರುಕನ್ನೂ ತಿಕ್ಕಿ, ಇನ್ನೊಂದು ಚೊಂಬು ನೀರು ತರಿಸಿದರು. ಬೋಗುಣಿಯ ನೀರು ಕಪ್ಪಗಾಯಿತು. ಅವತ್ತು ಆ ಚರ್ಚಿನಲ್ಲಿ ಕಾಲು ಅಂತ ತೊಳೆದದ್ದು ಅದೊಂದನ್ನೇ. ಅವರು ಬಗ್ಗಿ ಮುತ್ತಿಟ್ಟಾಗ ಅವ್ವ ಗಳಗಳ ಅತ್ತುಬಿಟ್ಟಳು.

ಮಾರನೆಯ ಬೆಳಿಗ್ಗೆ ಅವ್ವ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಅಪ್ಪ ಜಗಲಿಯಲ್ಲಿ ನಿಂತು ಬೆರಳೆತ್ತಿದ.

"ದೇವ್ರು ಎಲ್ಲಾನೂ ನೋಡ್ತಾವ್ನೆ. ತೀರ್ಪಿನ್ ದಿನ ಬಂದೇ ಬತ್ತದೆ, ಗೆಪ್ತಿ ಮಡಿಕ್ಕೊ!"

ಅವ್ವ ತಿರುಗಿ ನೋಡದೆಯೇ ಹೇಳಿದಳು:

"ಬರ್ಲಿ ಬುಡಿ. ನನ್ ಕಾಲ ಫಾದರ್ ತೊಳ್ದಾಯ್ತು. ನಿಮ್ ಕಾಲ ಇನ್ಮೇಲೆ ನೀವೇ ತೊಳ್ಕಂಡು ಬನ್ನಿ."