ಮೊಳಕೆ ರಾಗಿಯ ಪ್ರೇಮ್‌ಕುಮಾರ್

ನಮ್ಮ ಪ್ರೇಮ್‌ಕುಮಾರ್‌ನಷ್ಟು ಕಡಿಮೆ ಕುಡಿದು, ಅವನಷ್ಟು ದೊಡ್ಡ ಕುಡುಕ ಅನ್ನಿಸಿಕೊಂಡವನನ್ನು ನಾನು ಬೇರೆ ಕಂಡಿಲ್ಲ. ಒಂದು ಗ್ಲಾಸ್ ಬಿಯರ್ ಮುಗಿಸುವುದಕ್ಕೆ ಅವನಿಗೆ ಮಧ್ಯಾಹ್ನವೆಲ್ಲ ಬೇಕಾಗುತ್ತಿತ್ತು. ಅದರಲ್ಲಿ ಅರ್ಧ ಹೊತ್ತು ಮೂಸುವುದಕ್ಕೆ, ಉಳಿದರ್ಧ ಮಾತಿಗೆ. ಅಂಥವನನ್ನು ಅವನ ಸ್ವಂತ ಊರು ಹೆಮ್ಮರಗಾಲದಲ್ಲಿ ಈಗಲೂ ‘ಕುಡಿದು ಸತ್ತ’ ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದಕ್ಕಾಗುತ್ತದೆಯೇ?

ನಾನು ಕಾಂತರಾಜು. ಟಿ. ನರಸೀಪುರದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಬಾಯಲ್ಲಿ ಪ್ರೇಮನಾದ ಪ್ರೇಮ್‌ಕುಮಾರ್ ಮೈಸೂರಿನ ರಿಂಗ್ ರೋಡ್ ಪಕ್ಕದ ಒಂದು ಸಣ್ಣ ಬ್ರೂವರಿಯಲ್ಲಿ ಬಿಯರ್ ಮಾಡುವವನು. ನಂಜನಗೂಡಿನಲ್ಲಿ ಬಿ.ಎಸ್ಸಿ. ಓದಿ, ಅಲ್ಲೇ ಬಾಡಿಗೆ ಮನೆ ಮಾಡಿ, ಹೆಂಡತಿ ದಿವ್ಯ ಮತ್ತು ಪುಟ್ಟ ಮಗಳು ಪಲ್ಲವಿಯ ಜೊತೆ ಇದ್ದ. ದಿನಾ ಬಸ್ಸಿನಲ್ಲಿ ಮೈಸೂರಿಗೆ ಹೋಗಿಬರುತ್ತಿದ್ದ. ಒಮ್ಮೆ ಅವರ ಬ್ರೂವರಿಯ ಮೋಟಾರ್ ಕೆಟ್ಟು ನಾನು ರಿಪೇರಿಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ಒಂದು ಗ್ಲಾಸ್ ಕೊಟ್ಟ. ಗಟಗಟ ಕುಡಿದು, “ಏನ್ ಗುರೂ, ಇದ್ರಲ್ಲಿ ಕಿಕ್ಕೇ ಇಲ್ವಲ್ಲ” ಅಂದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಇನ್ನೊಂದು ಗ್ಲಾಸ್ ತಂದಿಟ್ಟು, “ಇದ್ನ ಕುಡೀಬ್ಯಾಡ, ಮೊದ್ಲು ಮೂಸ್ನೋಡು” ಅಂದ. ಮೂಸಿದೆ. ಬಾಳೆಹಣ್ಣಿನ ವಾಸನೆ! ಯಾರೋ ಸಿಪ್ಪೆ ಹಾಕಿದ್ದಾರೆ ಅಂತ ಗ್ಲಾಸಿನೊಳಗೆ ಇಣುಕಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಗೋಧಿ ಬಿಯರಿನಲ್ಲಿ ಆ ವಾಸನೆ ತಾನೇ ತಾನಾಗಿ ಬರುತ್ತದಂತೆ, ಹುದುಗು ಬರಿಸುವ ಯೀಸ್ಟಿನ ಕೆಲಸವಂತೆ. ಅವತ್ತಿನಿಂದ ನಾನು ಕೆಟ್ಟೆ. ವೈನ್ ಶಾಪಿನ ಸ್ಟ್ರಾಂಗ್ ಬಿಯರ್ ನನ್ನ ಗಂಟಲಿಗೆ ಇಳಿಯುವುದು ನಿಂತೇಹೋಯಿತು.

ಭಾನುವಾರ ಮಧ್ಯಾಹ್ನ ನನ್ನ ಮನೆಯ ಮಾಳಿಗೆಯ ಕೋಣೆಯಲ್ಲಿ ನಮ್ಮ ಮೂವರ ಸಭೆ. ಮೂರನೆಯವನು ರಘೂತ್ತಮ, ನಂಜನಗೂಡಿನ ಮಠದ ಬೀದಿಯವನು, ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಅವರ ಮನೆಯಲ್ಲಿ ಈರುಳ್ಳಿಗೂ ಪ್ರವೇಶವಿಲ್ಲ. ಹಾಗಾಗಿ ಬಿಯರ್ ಮೂಸಲು ನರಸೀಪುರದವರೆಗೆ ಬರುತ್ತಿದ್ದ. ಮನೆಯಲ್ಲಿ ಸಂಗಮದ ಸ್ನಾನಕ್ಕೆ ಅಂತ ಹೇಳಿ ಬರುತ್ತಿದ್ದ, ಬಂದವನು ಹೊಳೆಯಲ್ಲಿ ಕಾಲು ತೊಳೆದು ಬರುತ್ತಿದ್ದುದೂ ನಿಜ. ಪ್ರೇಮ ಬ್ರೂವರಿಯಿಂದ ದೊಡ್ಡ ಗಾಜಿನ ಬಾಟಲಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಕೂಸಿನ ಹಾಗೆ ಕೂರಿಸಿಕೊಂಡು ತರುತ್ತಿದ್ದ. ಬಿಯರ್ ಇರುವ ದಿನ ಬೈಕ್ ಮುಟ್ಟುವಂತಿಲ್ಲ ಎನ್ನುವುದು ಅವನ ಕಟ್ಟಳೆ.

ಅವನ ಕಟ್ಟಳೆಗಳು ಒಂದೆರಡಲ್ಲ. ಪ್ಲಾಸ್ಟಿಕ್ ಲೋಟ ಕಂಡರೆ ಎದ್ದು ಹೋಗುತ್ತಿದ್ದ. ಗ್ಲಾಸಿಗೆ ಸೋಪು ತಾಗಿಸಬಾರದು, ಜಿಡ್ಡು ಉಳಿದರೆ ನೊರೆ ಸಾಯುತ್ತದೆ. ನನ್ನ ಹೆಂಡತಿ ಪವಿತ್ರ, “ಮಡಿ ಮಾಡೋದು ಮೇಷ್ಟ್ರ ಮನೇವ್ರು ಅನ್ಕೊಂಡಿದ್ದೆ, ನೀವು ಅವರನ್ನೂ ಮೀರಿಸಿದ್ರಿ” ಅಂತ ರೇಗಿಸುತ್ತಿದ್ದಳು. ತೀರಾ ತಣ್ಣಗೆ ಕುಡಿದರೆ ರುಚಿ ಬಾಯಿ ಬಿಡುವುದಿಲ್ಲ, ಹಾಗಾಗಿ ಕಾಯಬೇಕು. ಮೊದಲ ಗ್ಲಾಸ್ ಮುಗಿಯುವತನಕ ಉಪ್ಪಿನಕಾಯಿ, ಮಸಾಲೆ ಕಡಲೆಬೀಜ ನಿಷಿದ್ಧ. ಬಾಳೆಹಣ್ಣಿನ ವಾಸನೆಯಲ್ಲೂ ಅವನದು ತರತಮ: ಒಂದು ಸಲದ್ದು ನಂಜನಗೂಡು ರಸಬಾಳೆ, ಇನ್ನೊಂದು ಸಲದ್ದು ಬರೀ ಪಚ್ಚಬಾಳೆ. ರಘೂತ್ತಮನಿಗೆ ಕಹಿ ಇಷ್ಟ, ಹಾಗಲಕಾಯಿಯಷ್ಟು ಕಹಿ ಇದ್ದರೂ ಸಾಲದು. ಪ್ರೇಮನಿಗೆ ಕಾಳಿನ ರುಚಿಯೇ ಮುಖ್ಯ. ಇನ್ನು ಯಾವ ಗ್ಲಾಸ್ ತುಂಬಿದರೂ ಅದರಲ್ಲಿ ಇರುವುದು ಏನು, ಯಾವ ಊರಿನ ಕಾಳು, ಯಾರು ಬೆಳೆದದ್ದು ಅಂತ ಹೇಳದೆ ಈ ಇಬ್ಬರೂ ತುಟಿಗೆ ಇಡುತ್ತಿರಲಿಲ್ಲ. ಮದುವೆ ಮಾತುಕತೆಯಲ್ಲಿ ಹೆಣ್ಣಿನ ಕುಲಗೋತ್ರ ಕೇಳುವವರೂ ಅಷ್ಟು ಕೆದಕುವುದಿಲ್ಲ.

ಪ್ರೇಮನ ಹೆಸರು ಓಡಿದ್ದು ರಾಗಿ ಬಿಯರಿನಿಂದ. ಕಂದು ಬಣ್ಣ, ತಳ ಹಿಡಿದ ಮುದ್ದೆಯ ಘಮ, ಕೊನೆಯಲ್ಲಿ ಚೂರು ಹುಳಿ. ಬೆಂಗಳೂರಿನಿಂದ ಬಿಯರ್ ರಸಿಕರು ಅದನ್ನು ಹುಡುಕಿಕೊಂಡು ಬರುತ್ತಿದ್ದರು. ಅದರ ಗುಟ್ಟು ಏನೆಂದರೆ, ಅದಕ್ಕೆ ಬೇಕಾದ ಮೊಳಕೆ ರಾಗಿಯನ್ನು ಮಾಡಿಕೊಡುತ್ತಿದ್ದವರು ಹೆಮ್ಮರಗಾಲದಲ್ಲಿದ್ದ ಅವನ ತಾಯಿ ಸಾಕಮ್ಮ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಉಜ್ಜಿ ಕೇರಿ ಕೊಡುತ್ತಿದ್ದರು. ಯಂತ್ರದಲ್ಲಿ ಆ ಹದ ಬರುವುದಿಲ್ಲ ಅನ್ನುತ್ತಿದ್ದ ಪ್ರೇಮ.

ಆದರೆ ಅದು ಯಾತಕ್ಕೆ ಹೋಗುತ್ತದೆಂದು ಸಾಕಮ್ಮನಿಗೆ ಗೊತ್ತಿರಲಿಲ್ಲ. ಪ್ರೇಮ ಸುಳ್ಳು ಹೇಳಿರಲಿಲ್ಲ, ನಿಜವನ್ನೂ ಹೇಳಿರಲಿಲ್ಲ. “ಮಾಲ್ಟ್ ಮಾಡಾಕೆ ಕಣವ್ವ” ಅಂದಿದ್ದ. ಬಿಯರ್ ಮಾಡುವವರ ಬಾಯಲ್ಲಿ ಮೊಳಕೆ ಬರಿಸಿ ಒಣಗಿಸಿದ ಕಾಳಿಗೆ ಮಾಲ್ಟ್ ಅನ್ನುತ್ತಾರೆ. ನಮ್ಮ ಕಡೆ ತಾಯಂದಿರಿಗೆ ಮಾಲ್ಟ್ ಅಂದರೆ ಒಂದೇ, ಕೂಸಿಗೆ ಹಾಲು ಬೆಲ್ಲ ಹಾಕಿ ಕುಡಿಸುವ ರಾಗಿ ಮಾಲ್ಟ್. ಸಾಕಮ್ಮ ಊರಿಗೆಲ್ಲ ಹೇಳಿಕೊಂಡು ಬಂದರು: “ನನ್ ಮಗ ಮೈಸೂರಲ್ಲಿ ಮಾಲ್ಟ್ ಮಾಡ್ತನೆ. ಎಷ್ಟೋ ತಾಯೇರ ಮಕ್ಳು ನನ್ ರಾಗಿ ಕುಡೀತವೆ.” ಪಲ್ಲವಿಗೂ ಅದೇ ರಾಗಿಯಿಂದ ಒಂದು ಡಬ್ಬ ಎತ್ತಿಡುತ್ತಿದ್ದರು.

ಹೇಳಿಬಿಡೋ ಅಂತ ನಾನು ಎಷ್ಟೋ ಸಲ ಅಂದಿದ್ದೆ. ಅವನ ಅಪ್ಪ ಮಾದು ಸಾರಾಯಿ ಪ್ಯಾಕೆಟ್ಟಿಗೆ ಬಲಿಯಾದವರು. ಹೊಟ್ಟೆ ಊದಿ, ರಕ್ತ ಕಾರಿ ಸತ್ತರು. ಅವತ್ತು ಸಾಕಮ್ಮ ಮಗನ ಕೈ ಹಿಡಿದು, ಕುಡಿತ ಮುಟ್ಟುವುದಿಲ್ಲ ಅಂತ ಆಣೆ ತೆಗೆದುಕೊಂಡಿದ್ದರು. “ಅವ್ವಂಗೆ ಸಾರಾಯಿನೂ ಒಂದೇ, ನನ್ ಬಿಯರೂ ಒಂದೇ ಕಣ್ಲಾ ಕಾಂತ. ಏಳುದ್ರೆ ಎದೆ ಒಡ್ಕತಾಳೆ” ಅನ್ನುತ್ತಿದ್ದ ಪ್ರೇಮ. ಆಮೇಲೆ ಸುಮ್ಮನೆ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಯಾವತ್ತಾದರೂ ಒಂದು ದಿನ ಅವ್ವನನ್ನು ಬ್ರೂವರಿಗೆ ಕರೆದುಕೊಂಡು ಹೋಗಿ, ಅವಳ ರಾಗಿ ಕುದಿಯುವುದನ್ನು ತೋರಿಸಬೇಕು ಅನ್ನುವುದು ಅವನಿಗಿದ್ದ ದೊಡ್ಡ ಆಸೆ.

ಆ ದಿನ ಬರಲಿಲ್ಲ. ಯುಗಾದಿ ಕಳೆದ ಸ್ವಲ್ಪ ದಿನಕ್ಕೆ, ಬೆಳಿಗ್ಗೆ ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ತಲೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ತಲೆಯೊಳಗಿನ ಒಂದು ರಕ್ತನಾಳ ಹುಟ್ಟಿನಿಂದಲೇ ಬಲಹೀನವಾಗಿತ್ತು, ಅದು ಒಡೆದಿದೆ, ಯಾರಿಗಾದರೂ ಆಗಬಹುದು ಅಂದರು ಡಾಕ್ಟರು. ಬಾಯಲ್ಲಿ ಒಂದು ಬೀಡಿ ಇಟ್ಟವನಲ್ಲ. ನನಗೆ ಇವತ್ತಿಗೂ ಭಾನುವಾರ ಮಧ್ಯಾಹ್ನ ಬಂದರೆ ಮೆಟ್ಟಿಲ ಕಡೆಗೇ ಕಿವಿ ಹೋಗುತ್ತದೆ.

ಮಣ್ಣು ಮಾಡಿ ಬಂದ ಸಂಜೆಯೇ ಬ್ರೂವರಿಯವರು ಗೌರವಕ್ಕೆಂದು ಫೇಸ್‌ಬುಕ್ಕಿನಲ್ಲಿ ಅವನ ಫೋಟೋ ಹಾಕಿದರು. ಗ್ಲಾಸನ್ನು ಮೇಲೆತ್ತಿ ಹಿಡಿದು ನಗುತ್ತಿರುವ ಪ್ರೇಮ. ಒಳ್ಳೆಯ ಫೋಟೋ, ಅವನ ನಿಜವಾದ ಮುಖ. ಅದು ಮೊಬೈಲಿಂದ ಮೊಬೈಲಿಗೆ ಹಾರಿ ಹೆಮ್ಮರಗಾಲ ತಲುಪಿತು. “ಮಾಲ್ಟಂತೆ ಮಾಲ್ಟು! ಅಪ್ಪನಂಗೇ ಮಗ” ಅಂದಿತು ಊರು. ರಕ್ತನಾಳದ ಕಥೆಯನ್ನು ಯಾರೂ ಕೇಳಲಿಲ್ಲ. ಯಾರೋ ಪುಣ್ಯಾತ್ಮರು ಆ ಫೋಟೋವನ್ನು ಸಾಕಮ್ಮನ ಮುಂದೆಯೇ ಹಿಡಿದರು. ಮಗ ಸತ್ತಾಗ ಎದೆ ಬಡಿದುಕೊಂಡು ಅತ್ತಿದ್ದ ಹೆಂಗಸು ಅವತ್ತು ಅಳಲೇ ಇಲ್ಲವಂತೆ. ಆಣೆ ಮುರಿದ ಅಂತ ಅಷ್ಟೇ ಅಂದು ಒಳಗೆ ಹೋದರಂತೆ.

ಮಾರ್ಲಮಿ ಬಂತು. ಮಹಾಲಯ ಅಮಾವಾಸ್ಯೆಯಲ್ಲಿ ಸತ್ತವರಿಗೆ ಎಡೆ ಇಡುವ ಹಬ್ಬ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನು ಎಲೆಯಲ್ಲಿ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಅಷ್ಟು ಹೊತ್ತು ಅವರು ಬಂದು ಉಂಡು ಹೋಗುತ್ತಾರೆ ಅನ್ನುವ ನಂಬಿಕೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಬಾಟಲಿ, ಇದರಲ್ಲಿ ಮುಚ್ಚುಮರೆ ಇಲ್ಲ. ಪ್ರೇಮನ ಎಡೆಗೆ ಅವನ ರಾಗಿ ಬಿಯರ್ ಇಲ್ಲದಿದ್ದರೆ ಹೇಗೆ ಅಂತ ನನಗೂ ರಘೂತ್ತಮನಿಗೂ ಅನ್ನಿಸಿತು. ಬ್ರೂವರಿಯಲ್ಲಿ ಸಾಕಮ್ಮ ಕೊಟ್ಟಿದ್ದ ಕೊನೆಯ ಮೊಳಕೆ ರಾಗಿ ಉಳಿದಿತ್ತು. ಪ್ರೇಮನ ಜೊತೆಗಾರ ದೀಪಕ್ ಅದನ್ನೇ ಹಾಕಿ ಮಾಡಿಕೊಟ್ಟ. ಎಡೆಯ ಮುಂದೆ ಅದನ್ನಿಟ್ಟು, ನಿನ್ನ ಮಗ ಕುಡುಕನಲ್ಲ ಅಂತ ಆ ತಾಯಿಗೆ ತಿಳಿಸಬೇಕು ಅನ್ನುವುದು ನಮ್ಮ ಇರಾದೆ. ಬಾಟಲಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲೇ ಹೆಮ್ಮರಗಾಲಕ್ಕೆ ಹೋದೆವು.

ಬಾಳೆ ಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ಕಜ್ಜಾಯ, ಪಕ್ಕದಲ್ಲಿ ಹೊಸ ಅಂಗಿ. ಸಾಕಮ್ಮನ ಕಣ್ಣು ನಮ್ಮ ಕೈಯ ಮೇಲೇ ಬಿತ್ತು.

“ಏನಪ್ಪಾ ಅದು?”

“ಪ್ರೇಮ ಮಾಡ್ತಿದ್ದದ್ದು ಅವ್ವಾ. ಅವ್ನ ಎಡೇಗೆ ಅಂತ ತಂದೊ” ಅಂದೆ.

“ಬ್ಯಾಡ. ಅವ್ರಪ್ಪನ್ನೂ ಅದೇ ತಿಂತು, ಮಗನ್ನೂ ಅದೇ ತಿಂತು. ತಿಂದಿದ್ನೇ ತಂದು ಅವ್ನ ಮುಂದ್ಕೆ ಮಡುಗ್ತೀರಾ? ಆಚ್ಗೆ ತಕ್ಕಂಡೋಗಿ.”

ಡಾಕ್ಟರು ಹೇಳಿದ್ದನ್ನು ಹೇಳಿದೆ. ದಿವ್ಯಳೂ, “ಅತ್ತೆ, ನಿಜವಾಗ್ಲೂ ಅದ್ರಿಂದ ಅಲ್ಲ” ಅಂದಳು. ಸಾಕಮ್ಮ ಇಲ್ಲವೆಂದು ತಲೆ ಆಡಿಸಿದರು. ನಾನು ಬಾಟಲಿ ಎತ್ತಿಕೊಂಡು ಹೊರಡಬೇಕೆಂದಿದ್ದೆ. ಅಷ್ಟರಲ್ಲಿ ರಘೂತ್ತಮ ಬಾಯಿ ಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಷ್ಟು ಓದಿದವನಿಗೆ ಇದನ್ನು ಯಾರೂ ಕಲಿಸಲಿಲ್ಲವೇ?

“ಅಮ್ಮಾ, ನೀವು ತಪ್ಪು ತಿಳ್ಕೊಂಡಿದ್ದೀರಿ. ಇದು ಅಂಗಡಿ ಸರಕಲ್ಲ. ನಿಮ್ಮ ರಾಗೀಲೇ ಮಾಡಿದ್ದು. ನೀವು ಮೊಳಕೆ ಕಟ್ಟಿ ಕೊಡ್ತಿದ್ರಲ್ಲ, ಅದೇ! ನಿಮ್ಮ ಕೈಯಿನ ರಾಗಿ ಇಲ್ದೇ ಇದ್ರೆ ಅವನು ಇದನ್ನ ಮಾಡ್ತಾನೇ ಇರ್ಲಿಲ್ಲ.”

ಅವನ ಮುಖದಲ್ಲಿ ಎಂಥ ಸಂತೋಷ! ಮಾಳಿಗೆಯ ಕೋಣೆಯಲ್ಲಿ ಗ್ಲಾಸಿನ ಕುಲಗೋತ್ರ ಹೇಳುವಾಗ ಇರುತ್ತಿದ್ದ ಮುಖವೇ. ನಮ್ಮ ಪೈಕಿಯವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮೊಳಕೆ ಬಂದಾಗ ಕಾಳಿನ ಹಿಟ್ಟು ಸಿಹಿಯಾಗುವುದು, ಸಿಹಿ ಹುದುಗುವುದು, ಎಲ್ಲವನ್ನೂ ಪಾಠದ ಹಾಗೆ ಶುರು ಮಾಡಿದ. ನಾನು ಅವನ ಕೈ ಅದುಮಿದೆ. ತಿಳಿಯಲಿಲ್ಲ.

“ನಾನ್ ಕೊಟ್ಟ ರಾಗೀಲಾ?” ಅಂದರು ಸಾಕಮ್ಮ.

“ಹೂಂ ಅಮ್ಮಾ, ನೀವು ಕೊಟ್ಟಿದ್ದೇ.”

“ಮಾಲ್ಟು ಅಂದಿದ್ದ.”

“ಇದೂ ಮಾಲ್ಟೇ ಅಮ್ಮಾ.”

ಅವರು ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. “ಅಂಗಾದ್ರೆ ನಾನೇ ಕಣಪ್ಪಾ. ನನ್ ಕೈಯಾರೆ ನಾನೇ ಉಣ್ಸಿ ಕೊಂದ್ನಲ್ಲಾ” ಅಂದರು.

ರಘೂತ್ತಮ, ಇಲ್ಲ ಅಮ್ಮಾ, ಹಾಗಲ್ಲ ಅಮ್ಮಾ ಅನ್ನುತ್ತ ತಡವರಿಸಿದ. ಸಾಕಮ್ಮ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ನನ್ನ ಕೈಯಿಂದ ಬಾಟಲಿ ಇಸಿದುಕೊಂಡು ತಾವೇ ಒಳಗೆ ಹೋಗಿ ಎಡೆಯ ಮುಂದೆ ಇಟ್ಟರು. ಧೂಪ ಹಾಕಿದರು. ನೆಂಟರು, ದಿವ್ಯ, ಪಲ್ಲವಿ, ನಾವು, ಎಲ್ಲರೂ ಪದ್ಧತಿಯಂತೆ ಜಗುಲಿಗೆ ಬಂದೆವು. ಕೊನೆಗೆ ಸಾಕಮ್ಮ ಬಂದು ಬಾಗಿಲು ಎಳೆದುಕೊಳ್ಳಬೇಕಿತ್ತು. ಬಾಗಿಲು ಮುಚ್ಚಿತು, ಅಗುಳಿ ಒಳಗಿನಿಂದ ಬಿತ್ತು.

ಎಡೆಯ ಹೊತ್ತಿನಲ್ಲಿ ಬದುಕಿರುವವರು ಒಳಗೆ ಇರಬಾರದು. ಹಿರಿಯರೊಬ್ಬರು ಗೊಣಗಿದರು. ಮಗನ ಜೊತೆ ಒಂದು ಗಳಿಗೆ ಕೂತು ಅಳಲಿ ಬಿಡಿ ಅಂದೆ ನಾನು. ಅಳುವ ಸದ್ದು ಬರಲಿಲ್ಲ. ಹೊತ್ತು ಕಳೆದಂತೆ ನಾನೇ ಬಾಗಿಲಿಗೆ ಕಿವಿ ಕೊಟ್ಟೆ. ದಿವ್ಯ ಬಾಗಿಲು ಬಡಿದು, “ಅತ್ತೆ, ಅತ್ತೆ” ಅಂತ ಕೂಗಿದಳು. ಪಲ್ಲವಿ ಅಳಲು ಶುರು ಮಾಡಿತು. ಒಡೆಯೋಣ ಅಂತ ನಾನು ಹೆಗಲು ಕೊಡುವಷ್ಟರಲ್ಲಿ ಅಗುಳಿ ತೆಗೆದ ಸದ್ದಾಯಿತು.

ಎಡೆ ಇಟ್ಟಹಾಗೇ ಇತ್ತು. ಬಾಟಲಿ ಮಾತ್ರ ಅರ್ಧ ಖಾಲಿ, ಪಕ್ಕದಲ್ಲಿ ಬರಿದಾದ ಹಿತ್ತಾಳೆ ಚೊಂಬು. ಜನ್ಮದಲ್ಲಿ ಒಂದು ಹನಿ ಮುಟ್ಟದ ಹೆಂಗಸು. ನೆಂಟರು “ಅಯ್ಯೋ ಶಿವನೇ” ಅಂದರು.

“ನನ್ ಮಗನ್ನ ತಿಂದಿದ್ದು ನನ್ನೂ ತಿನ್ಲಿ ಅಂತ ಕುಡ್ದೆ” ಅಂದರು ಸಾಕಮ್ಮ. “ಅವ್ನ ಎಡೆ ಮುಂದ್ಕೇ ಮನೀಕಂಡು ಕಾದೆ. ಏನೂ ಆಗ್ನಿಲ್ಲ. ನಮ್ಮ ರಾಗಿ ಅಂಬ್ಲಿ ಉಳಿ ಬಂದಂಗದೆ, ಅಷ್ಟೇಯ.”

ಆಮೇಲೆ ರಘೂತ್ತಮನ ಹತ್ತಿರ ಬಂದು ಅವನ ತೋಳು ಹಿಡಿದುಕೊಂಡರು.

“ಇದ್ರಲ್ಲಿ ಸಾಯೋವಂತಾದ್ದು ಏನೂ ಇಲ್ಲ ಕಣ್ ಮೇಷ್ಟ್ರೇ. ನನ್ ಮಗ ಆಣೆ ಮುರೀನಿಲ್ಲ, ಇಸ ಕುಡೀನಿಲ್ಲ. ಅಂಗಾದ್ರೆ ಯಾಕ್ ಸತ್ತ? ನೀವು ಓದ್ದೋರು, ಏಳಿ. ಯಾಕ್ ಸತ್ತ ನನ್ ಮಗ?”